ಸೆನ್ಸರ್ ಸತ್ತ ಕಾರಣ

ಬೂದು ಬಣ್ಣದ ಆ ಹಳೇ ಕಾರು ಗ್ಯಾರೇಜಿನ ಬಾಗಿಲಿಗೆ ಬಂದು ನಿಂತಾಗ ಮೆಕ್ಯಾನಿಕ್ ತಲೆ ಎತ್ತಿ ನೋಡಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಹದಿನೆಂಟು ವರ್ಷದ ಗಾಡಿ. ಅದರ ಕೆಮ್ಮು, ಅದರ ನಡುಕ, ಕೀಲಿ ತಿರುಗಿಸಿ ನಿಲ್ಲಿಸಿದ ಮೇಲೂ ಒಂದು ಸಲ ಗುಟುರು ಹಾಕುವ ಚಾಳಿ, ಎಲ್ಲವೂ ಅವನಿಗೆ ಗೊತ್ತು. ಗೊತ್ತಿಲ್ಲದಿದ್ದದ್ದು ಒಂದೇ: ಅದರ ಮಾಲೀಕ ಇವತ್ತು ಎಷ್ಟು ಜೋರಾಗಿ ಬಾಗಿಲು ಬಡಿಯುತ್ತಾನೆ ಎನ್ನುವುದು.

ಜೋರಾಗಿಯೇ ಬಡಿದ. ಗೋಡೆಗೆ ತೂಗುಹಾಕಿದ್ದ ಪಾನಾಗಳು ಕಿಣಿಕಿಣಿ ಎಂದವು.

"ಮೆಕ್ಯಾನಿಕ್ ಸಾಹೇಬ್ರು ಇದಾರಾ? ಇಲ್ಲಾ ಇನ್ಯಾರ ಗಾಡಿಗಾದ್ರೂ ಹಳೇ ಸಾಮಾನು ತೊಡಿಸೋಕೆ ಹೋಗಿದಾರಾ?"

ಬಂದವನು ಪ್ಲಂಬರ್. ಮೆಕ್ಯಾನಿಕ್‌ನ ಹೆಂಡತಿಯ ತಂಗಿಯ ಗಂಡ, ಅಂದರೆ ಷಡ್ಡಕ. ಒಂದು ಕಾಲದಲ್ಲಿ "ಭಾವ" ಎಂದು ಕರೆಯುತ್ತಿದ್ದವನು ಈಗ "ಸಾಹೇಬ್ರು" ಎನ್ನುತ್ತಿದ್ದ. ಆ ಮರ್ಯಾದೆಯಲ್ಲಿ ಬೈಗುಳಕ್ಕಿಂತ ಹೆಚ್ಚು ಖಾರವಿತ್ತು.

"ಇಲ್ಲೇ ಇದೀನಿ," ಎಂದ ಮೆಕ್ಯಾನಿಕ್, ಕೈ ಒರೆಸಿಕೊಳ್ಳುತ್ತ. "ಓಡಿಹೋಗೋ ಜಾಯಮಾನ ನಂದಲ್ಲ."

"ಒಳ್ಳೇದು. ಓಡಿಹೋದ್ರೆ ದೂರಿನಲ್ಲಿ ಅದನ್ನೂ ಸೇರಿಸ್ಬೇಕಾಗಿತ್ತು."

ಪ್ಲಂಬರ್ ಅಂಗಿಯ ಜೇಬನ್ನು ತಟ್ಟಿ ತೋರಿಸಿದ. ಅಲ್ಲಿ ಮಡಿಸಿಟ್ಟ ಎರಡು ಹಾಳೆ. ಅದರಲ್ಲಿ ಏನಿದೆ ಎಂದು ಬೀದಿಗೆಲ್ಲ ಗೊತ್ತಿತ್ತು, ಏಕೆಂದರೆ ಪ್ಲಂಬರ್ ಅದನ್ನು ಹಾಲಿನವನಿಂದ ಹಿಡಿದು ಟೈಲರ್‌ವರೆಗೆ ಎಲ್ಲರಿಗೂ ಓದಿ ಹೇಳಿದ್ದ.

ವಿಷಯ ಇಷ್ಟು. ಕಾರಿನ ಹೊಗೆಕೊಳವೆಯಲ್ಲಿ ಬೆರಳುದ್ದದ ಒಂದು ಆಕ್ಸಿಜನ್ ಸೆನ್ಸರ್ ಕೂತಿರುತ್ತದೆ. ಸುಟ್ಟು ಹೊರಬರುವ ಗಾಳಿಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ಮೂಸಿ ನೋಡಿ ಎಂಜಿನ್ನಿಗೆ ಸುದ್ದಿ ಮುಟ್ಟಿಸುವುದು ಅದರ ಕೆಲಸ. ಅದು ತಪ್ಪು ಸುದ್ದಿ ಕೊಟ್ಟರೆ ಎಂಜಿನ್ನು ಬೇಕಿಲ್ಲದ ಪೆಟ್ರೋಲು ಕುಡಿದು ಕಪ್ಪು ಹೊಗೆ ಉಗುಳುತ್ತದೆ. ಐದು ತಿಂಗಳ ಹಿಂದೆ ಈ ಕಾರಿನ ಸೆನ್ಸರ್ ವಯಸ್ಸಾಗಿ ಕೆಟ್ಟಿತ್ತು. ಮೆಕ್ಯಾನಿಕ್ ಹೊಸದು ಹಾಕಿಕೊಟ್ಟಿದ್ದ. ಹೋದ ತಿಂಗಳು ಅದೂ ಕೆಟ್ಟಿತು. ಕಾರು ಹೊಗೆ ತಪಾಸಣೆಯಲ್ಲಿ ಎರಡು ಸಲ ಸೋತಿತು. ಪಕ್ಕದ ಬೀದಿಯ ಇನ್ನೊಂದು ಗ್ಯಾರೇಜಿನವನು ಮೀಟರ್ ಹಾಕಿ ನೋಡಿ, "ಹೊಸ ಸೆನ್ಸರ್ ಯಾವತ್ತಾದ್ರೂ ನಾಲ್ಕೇ ತಿಂಗಳಿಗೆ ಸಾಯುತ್ತಾ? ಯಾವುದೋ ಹಳೇದನ್ನ ಒರೆಸಿ ಹಾಕಿದಾರೆ," ಎಂದುಬಿಟ್ಟ. ಅಷ್ಟು ಸಾಕಾಯಿತು.

ದೂರು ಮೆಕ್ಯಾನಿಕ್‌ಗಳ ಸಂಘಕ್ಕೆ. ಸಂಘ ಅದನ್ನು ಒಪ್ಪಿದರೆ ಗ್ಯಾರೇಜಿನ ಬಾಗಿಲ ಪಕ್ಕದ ನೀಲಿ ಫಲಕ ಕಿತ್ತುಕೊಂಡು ಹೋಗುತ್ತದೆ. ಇಪ್ಪತ್ತೆರಡು ವರ್ಷ ಬೇರೆಯವರ ಗ್ಯಾರೇಜುಗಳಲ್ಲಿ ಗಾಡಿಯ ಕೆಳಗೆ ಮಲಗಿ, ಆಮೇಲೆ ಪರೀಕ್ಷೆ ಬರೆದು, ಮೆಕ್ಯಾನಿಕ್ ಸಂಪಾದಿಸಿದ ಫಲಕ ಅದು. ಅದಿಲ್ಲದೆ ಅವನು ಒಂದು ಬೋಲ್ಟನ್ನೂ ತನ್ನ ಹೆಸರಿನಲ್ಲಿ ತಿರುಗಿಸುವ ಹಾಗಿಲ್ಲ. ಆದರೆ ಸಂಘದ್ದೊಂದು ನಿಯಮವಿತ್ತು: ದೂರು ಕೊಡುವ ಮುಂಚೆ ದೂರುದಾರನ ಎದುರಿಗೇ ಗಾಡಿ ಬಿಚ್ಚಿ ನೋಡಿ, ತಪಾಸಣೆ ಪಾಸು ಮಾಡಿಸಲು ಗ್ಯಾರೇಜಿಗೆ ಒಂದು ಅವಕಾಶ ಕೊಡಬೇಕು. ಆ ಒಂದು ಅವಕಾಶ ಇವತ್ತು. ತಪಾಸಣೆ ಕೇಂದ್ರ ಮುಚ್ಚುವುದು ಐದಕ್ಕೆ. ಈಗ ಹನ್ನೊಂದೂವರೆ.

ಹಿಂದಿನ ಸೀಟಿನ ಬಾಗಿಲು ಮೆಲ್ಲಗೆ ತೆರೆದುಕೊಂಡಿತು. ಮೊದಲು ಒಂದು ಊರುಗೋಲು, ಆಮೇಲೆ ಅತ್ತೆ. ಎರಡು ಮಂಡಿಯೂ ಸವೆದ, ಎಪ್ಪತ್ತು ದಾಟಿದ ಹೆಂಗಸು. ಕಿರಿಯ ಮಗಳ ಮನೆಯಲ್ಲಿದ್ದರು. ವಾರಕ್ಕೆರಡು ಸಲ ಪ್ಲಂಬರ್ ಇದೇ ಕಾರಿನಲ್ಲಿ ಅವರನ್ನು ಮಂಡಿಯ ವ್ಯಾಯಾಮಕ್ಕೆ ಕರೆದುಕೊಂಡು ಹೋಗುತ್ತಿದ್ದ.

"ನೀವ್ಯಾಕೆ ಬಂದ್ರಿ ಅತ್ತೆ, ಈ ಬಿಸಿಲಲ್ಲಿ?" ಎಂದ ಮೆಕ್ಯಾನಿಕ್.

"ಸಾಕ್ಷಿಗೆ," ಎಂದರು ಅತ್ತೆ. "ಇಬ್ಬರ ಕೈಲೂ ಪಾನಾ ಇರುತ್ತೆ. ಒಬ್ಬರಾದ್ರೂ ಬರೀ ಕೈಯೋರು ಇರ್ಲಿ ಅಂತ."

ಅವರು ಕುರ್ಚಿಯಲ್ಲಿ ಕೂತು, ಚೀಲದಿಂದ ಹೊಲಿಗೆ ತೆಗೆದರು. ಹಳೇ ತಲೆದಿಂಬಿನ ಚೀಲಗಳನ್ನು ಕತ್ತರಿಸಿ ಬಾಯಿಗೆ ದಾರ ಹಾಕಿ ಹೊಲಿದ ಪುಟ್ಟ ಪುಟ್ಟ ಬಟ್ಟೆ ಚೀಲಗಳು. ಗ್ಯಾರೇಜು ತೆರೆದ ದಿನದಿಂದ ನಡೆದುಬಂದ ಪದ್ಧತಿ ಇದು. ಯಾವ ಗಾಡಿಯಿಂದ ಯಾವ ಹಳೇ ಭಾಗ ಬಿಚ್ಚಿದರೂ ಮೆಕ್ಯಾನಿಕ್ ಅದನ್ನು ಚೀಲಕ್ಕೆ ಹಾಕಿ, ದಿನಾಂಕ ಮತ್ತು ಕಾರಣ ಬರೆದ ಚೀಟಿ ಕಟ್ಟಿ, ಮಾಲೀಕನ ಕೈಗೆ ಕೊಡುತ್ತಿದ್ದ. ಮಾಲೀಕರ ಬಟ್ಟೆಗೆ ಗ್ರೀಸ್ ಅಂಟದಿರಲಿ ಎಂದು ಚೀಲದ ಉಪಾಯ ಹುಡುಕಿದವರು ಅತ್ತೆ. ಅಳಿಯಂದಿರ ಮಾತುಕತೆ ನಿಂತ ಮೇಲೂ ತಿಂಗಳಿಗೊಮ್ಮೆ ಹಿರಿಯ ಮಗಳ ಕೈಲಿ ಹನ್ನೆರಡು ಚೀಲ ತಪ್ಪದೆ ಬರುತ್ತಿದ್ದವು.

ಗ್ಯಾರೇಜಿನ ಮೂಲೆಯಲ್ಲಿ ನಲ್ಲಿ ಟಪ್, ಟಪ್ ಎಂದು ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ಪ್ಲಂಬರ್ ಅದನ್ನೇ ನೋಡಿದ.

"ಬಕೆಟ್ ಚೆನ್ನಾಗಿದೆ," ಎಂದ.

ಮೆಕ್ಯಾನಿಕ್‌ನ ಕಿವಿ ಕೆಂಪಾಯಿತು. ಬಕೆಟ್ಟಿನ ಮಾತಿಗೆ ಒಂದು ಹಿನ್ನೆಲೆಯಿತ್ತು. ಸೆನ್ಸರ್ ಬದಲಿಸಿದ ಮರುವಾರ, ಅತ್ತೆಗೆ ಎಪ್ಪತ್ತು ತುಂಬಿದ ದಿನ, ಇಪ್ಪತ್ತು ಜನ ಊಟಕ್ಕೆ ಕೂತಿದ್ದಾಗ ಮೆಕ್ಯಾನಿಕ್ ನಾಲಿಗೆ ಹರಿಬಿಟ್ಟಿದ್ದ: "ನಮ್ಮ ಷಡ್ಡಕರ ರಿಪೇರಿ ಅಂದ್ರೆ ಏನು ತಿಳ್ಕೊಂಡ್ರಿ? ನಲ್ಲಿ ಸರಿಮಾಡ್ತಾರೆ, ಆಮೇಲೆ ಕೆಳಗೊಂದು ಬಕೆಟ್ ಇಟ್ಟು ಬರ್ತಾರೆ!" ಎಲ್ಲರೂ ಬಿದ್ದು ಬಿದ್ದು ನಕ್ಕರು. ಪ್ಲಂಬರ್ ಅರ್ಧ ಊಟಕ್ಕೆ ಎದ್ದು ಕೈ ತೊಳೆದ. ಅಂದಿನಿಂದ ಎರಡು ಮನೆಯ ನಡುವೆ ಮಾತಿಲ್ಲ. ಅಕ್ಕತಂಗಿಯರು ಮಾತ್ರ ಬಟ್ಟೆ ಒಣಹಾಕುವ ನೆಪದಲ್ಲಿ ಮಹಡಿ ಹತ್ತಿ ಫೋನಿನಲ್ಲಿ ಪಿಸುಗುಡುತ್ತಿದ್ದರು. ಗಂಡಂದಿರಿಗೆ ಅದು ಗೊತ್ತಿತ್ತು. ಗೊತ್ತಿಲ್ಲದವರ ಹಾಗಿದ್ದರು.

"ಕೆಲಸ ಶುರುಮಾಡ್ತೀರೋ, ಇಲ್ಲಾ ಐದಾಗ್ಲಿ ಅಂತ ಕಾಯ್ತಿದೀರೋ?"

ಮೆಕ್ಯಾನಿಕ್ ಸ್ಕ್ಯಾನರಿನ ತಂತಿಯನ್ನು ಸ್ಟೀರಿಂಗಿನ ಕೆಳಗೆ ಚುಚ್ಚಿದ. ಎಂಜಿನ್ನು ಓಡುತ್ತಿರಲಿ ಎಂದ. ಪರದೆಯ ಮೇಲೆ ಒಂದು ಗೆರೆ ಮೂಡಿತು.

"ನೋಡು. ಸೆನ್ಸರ್ ಸರಿಯಿದ್ರೆ ಈ ಗೆರೆ ಒಂದೇ ಸಮನೆ ಮೇಲೆ ಕೆಳಗೆ ಕುಣೀತಾ ಇರ್ಬೇಕು. ಇದು ಕೆಳಗೇ ಮಲಗಿದೆ."

"ಸತ್ತಿದೆ ಅಂತ ನನಗೂ ಗೊತ್ತು. ಯಾಕೆ ಸತ್ತಿತು ಅನ್ನೋದು ಪ್ರಶ್ನೆ."

"ಸತ್ತಿದೆಯೋ, ಬರೀ ಮಂಪರೋ, ಅದನ್ನ ಮೊದ್ಲು ನೋಡ್ಬೇಕು. ಪೈಪು ಕಂಡ ತಕ್ಷಣ ಗೋಡೆ ಒಡೆಯೋ ಕಸುಬಲ್ಲ ಇದು."

ಹಾಗೆಂದು ಮೆಕ್ಯಾನಿಕ್ ಒಂದು ಪುಟ್ಟ ಗ್ಯಾಸ್ ಸಿಲಿಂಡರಿನ ಕೊಳವೆಯನ್ನು ಎಂಜಿನ್ನು ಗಾಳಿ ಎಳೆದುಕೊಳ್ಳುವ ಬಾಯಿಯ ಹತ್ತಿರ ಹಿಡಿದು ಒಂದು ಉಸಿರಿನಷ್ಟು ಅನಿಲ ಬಿಟ್ಟ. ಒಳಗೆ ಇಂಧನ ಹೆಚ್ಚಾಯಿತು ಎಂದು ಸೆನ್ಸರ್ ಆ ಕ್ಷಣವೇ ಕೂಗಬೇಕಿತ್ತು. ಅತ್ತೆ ಬಾಯಲ್ಲೇ ಎಣಿಸಿದರು: ಒಂದು, ಎರಡು, ಮೂರು... ಏಳಕ್ಕೆ ಗೆರೆ ಸೋಮಾರಿಯಂತೆ ಅರ್ಧಕ್ಕೆ ಎದ್ದು ಮತ್ತೆ ಮಲಗಿತು.

"ಮೂಗು ಕಟ್ಟಿದೆ," ಎಂದರು ಅತ್ತೆ.

"ಹಾಗೇ ಅತ್ತೆ. ವಾಸನೆ ಬರ್ತಿದೆ, ಆದ್ರೆ ತಡವಾಗಿ."

ಎಂಜಿನ್ನು ನಿಲ್ಲಿಸಿ, ಆರಲು ಬಿಟ್ಟು, ತಂತಿಗಳನ್ನು ಒಂದೊಂದಾಗಿ ಮೀಟರಿನಲ್ಲಿ ಅಳೆದ. ಎಲ್ಲ ಸರಿಯಿತ್ತು. ಉಳಿದದ್ದು ಸೋರಿಕೆ. ಸೆನ್ಸರಿಗಿಂತ ಮುಂಚೆ ಎಲ್ಲಾದರೂ ಕೊಳವೆ ಬಿರುಕುಬಿಟ್ಟು ಹೊರಗಿನ ಗಾಳಿ ನುಗ್ಗಿದರೆ ಸೆನ್ಸರಿಗೆ ಮೋಸವಾಗುತ್ತದೆ. ಮೆಕ್ಯಾನಿಕ್ ಹೊಗೆಕೊಳವೆಯ ಹಿಂದಿನ ಬಾಯಿಗೆ ಗಾಳಿಯ ಪೈಪು ತುರುಕಿ, ಸೋಪಿನ ನೀರಿನ ಬಾಟಲಿ ಹಿಡಿದು ಬಗ್ಗಿದ. ಪ್ಲಂಬರ್ ಅದನ್ನು ಅವನ ಕೈಯಿಂದ ಕಿತ್ತುಕೊಂಡ.

"ಕೊಡಿ ಇಲ್ಲಿ. ಸೋರಿಕೆ ಹುಡುಕೋದು ನನ್ನ ಅನ್ನ. ನೀವು ಗುಳ್ಳೆ ಬರದೇ ಇರೋ ಕಡೆ ಬಂತು ಅಂತೀರಿ."

ಮೆಕ್ಯಾನಿಕ್ ಬಿಟ್ಟುಕೊಟ್ಟ. ಪ್ಲಂಬರ್ ಕಾರಿನ ಕೆಳಗೆ ಜಾರಿ, ಒಂದೊಂದು ಕೀಲಿಗೂ ನೀರು ಚಿಮುಕಿಸಿ, ಉಸಿರು ಬಿಗಿಹಿಡಿದು ನೋಡಿದ. ಒಪ್ಪಿಕೊಳ್ಳಲು ಮೆಕ್ಯಾನಿಕ್‌ಗೆ ಇಷ್ಟವಿರಲಿಲ್ಲ, ಆದರೆ ಅಷ್ಟು ಚೊಕ್ಕವಾಗಿ ಅವನು ನೋಡುತ್ತಿರಲಿಲ್ಲ.

"ಇಲ್ಲ," ಎಂದ ಪ್ಲಂಬರ್ ಕೆಳಗಿನಿಂದ. ಅವನ ದನಿಯಲ್ಲಿ ಗೆದ್ದ ಖುಷಿ. "ಒಂದು ಗುಳ್ಳೆನೂ ಇಲ್ಲ. ಅಂದ್ರೆ ತಪ್ಪು ಸೆನ್ಸರಿಂದೇ. ಅಂದ್ರೆ ತಪ್ಪು ಹಾಕಿದೋರದ್ದೇ."

ಸೆನ್ಸರ್ ಬಿಚ್ಚಲು ಇಪ್ಪತ್ತು ನಿಮಿಷ ಹಿಡಿಯಿತು. ಕೊಳವೆಯನ್ನು ಮತ್ತೆ ಬೆಚ್ಚಗೆ ಮಾಡಿ, ತುಕ್ಕು ಬಿಡಿಸುವ ಎಣ್ಣೆ ಹಾಕಿ, ತಂತಿಗೆ ಜಾಗವಿರುವ ಸೀಳು ಪಾನಾ ಹಾಕಿ ಎಳೆದಾಗ ಅದು ಕಿರ್ರೆಂದು ಬಿಟ್ಟಿತು. ಮೆಕ್ಯಾನಿಕ್ ಅದನ್ನು ಬೆಳಕಿಗೆ ಹಿಡಿದ.

ತುದಿಯೆಲ್ಲ ಬಿಳಿ. ಸುಣ್ಣ ಹಚ್ಚಿದ ಹಾಗೆ.

ಅವನು ಗೋಡೆಯ ಮೊಳೆಯ ಹತ್ತಿರ ಹೋದ. ಐದು ತಿಂಗಳಿಂದ ಅಲ್ಲೊಂದು ಚೀಲ ನೇತಾಡುತ್ತಿತ್ತು. ಆವತ್ತು ಪ್ಲಂಬರ್ "ಆ ಕಸ ನಾನೇನ್ಮಾಡ್ಲಿ" ಎಂದು ಬಿಟ್ಟುಹೋಗಿದ್ದ ಮೊದಲ ಸೆನ್ಸರ್ ಅದರಲ್ಲಿತ್ತು. ಅದನ್ನು ತೆಗೆದು ಪಕ್ಕದಲ್ಲಿಟ್ಟ. ಅದರ ತುದಿ ಮಸಿಗಪ್ಪು. ಅದು ಮುಪ್ಪಿನ ಸಾವು. ಇದು ಬಿಳಿ. ಇದಕ್ಕೆ ಯಾರೋ ವಿಷ ಹಾಕಿದ್ದರು.

ಬಿಳಿ ಬಂತೆಂದರೆ ಸಿಲಿಕೋನ್. ಅಷ್ಟು ಅವನಿಗೆ ಗೊತ್ತಿತ್ತು. ಎಂಜಿನ್ನಿನ ಯಾವುದೋ ಕೀಲಿಗೆ ತಪ್ಪು ಅಂಟು ಬಳಿದರೆ ಅದರ ಆವಿ ಒಳಗೆ ಹೋಗಿ ಸುಟ್ಟು, ಸೆನ್ಸರಿನ ಮೂಗಿಗೆ ಗಾಜಿನ ಪುಡಿಯಂತೆ ಮೆತ್ತಿಕೊಳ್ಳುತ್ತದೆ. ಈ ಎಂಜಿನ್ನಿಗೆ ಕೊನೆಯಲ್ಲಿ ಅಂಟು ಬಳಿದವನು ಯಾರು? ತಾನೇ. ಹೊಗೆಕೊಳವೆಯ ಕೀಲಿಗೆ, ಐದು ತಿಂಗಳ ಹಿಂದೆ. ಕಪಾಟಿನಲ್ಲಿದ್ದ ಟ್ಯೂಬನ್ನು ಹುಡುಕಿ, ಕನ್ನಡಕ ಹಣೆಯಿಂದ ಇಳಿಸಿ, ಸಣ್ಣ ಅಕ್ಷರ ಓದಿದ. ಸೆನ್ಸರಿಗೆ ಹಾನಿಯಿಲ್ಲದ್ದು. ಅದೇ ಬ್ರಾಂಡು, ಅದೇ ಡಬ್ಬಿ. ಉಸಿರು ಬಿಟ್ಟ.

"ಏನು, ಟ್ಯೂಬ್ ಓದ್ಕೊಂಡು ನಿಂತ್ರಿ? ಕಥೆ ಚೆನ್ನಾಗಿದೆಯಾ?" ಎಂದ ಪ್ಲಂಬರ್. ಅವನು ಮೆಕ್ಯಾನಿಕ್ ತರಿಸಿಟ್ಟಿದ್ದ ಹೊಸ ಸೆನ್ಸರಿನ ಡಬ್ಬಿಯನ್ನು ತಾನೇ ತೆಗೆದು, ಸೀಲು ಸರಿಯಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿ, ನಂಬರನ್ನು ಅತ್ತೆಗೆ ಕೇಳುವಂತೆ ಗಟ್ಟಿಯಾಗಿ ಓದಿ, ತಾನೇ ಸೀಲು ಹರಿದಿದ್ದ. ಈಗ ಜೇಬಿನಿಂದ ಬಿಳಿ ಟೇಪಿನ ಸುರುಳಿ ತೆಗೆದ. "ತಗೊಳ್ಳಿ. ತಿರುಪಿಗೆ ಇದನ್ನ ನಾಲ್ಕು ಸುತ್ತು ಸುತ್ತಿ. ಈ ಸಲವಾದ್ರೂ ಗಟ್ಟಿ ಕೂರ್ಲಿ."

"ಇದು ನಲ್ಲಿಯಲ್ಲ ಮಾರಾಯ. ಟೇಪ್ ಸುತ್ತಿದ್ರೆ ಲೋಹಕ್ಕೆ ಲೋಹ ತಾಗಲ್ಲ, ಸೆನ್ಸರ್ ಬಾಯೇ ಬಿಡಲ್ಲ."

ಹೇಳುತ್ತಿದ್ದ ಹಾಗೇ ಮೆಕ್ಯಾನಿಕ್ ಮಾತು ನಿಲ್ಲಿಸಿದ. ಟೇಪಿನ ಸುರುಳಿಯನ್ನೂ, ಅದನ್ನು ಹಿಡಿದ ಕೈಯನ್ನೂ ನೋಡಿದ. ಆಮೇಲೆ ಎಂಜಿನ್ನಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಎರಡೂ ಕೈಯಿಂದ ಎಳೆದು ತೆಗೆದ.

ಒಳಗೆ, ಎಂಜಿನ್ನಿನ ಮೇಲ್ಮುಚ್ಚಳದ ಅಂಚಿನುದ್ದಕ್ಕೂ, ಹಾಲುಬಣ್ಣದ ಅಂಟಿನ ಒಂದು ಗೆರೆ. ಒದ್ದೆ ಹೆಬ್ಬೆರಳಿನಿಂದ ಸವರಿ ನಯಮಾಡಿದ ಗೆರೆ. ಎಲ್ಲೂ ಉಬ್ಬಿಲ್ಲ, ತಗ್ಗಿಲ್ಲ. ಆ ಗೆರೆಯನ್ನು ಮೆಕ್ಯಾನಿಕ್ ದಿನಾ ಬೆಳಿಗ್ಗೆ ನೋಡುತ್ತಿದ್ದ. ಅವನ ಮನೆಯ ಬಚ್ಚಲಿನ ಬೇಸಿನ್ನಿನ ಸುತ್ತ, ಏಳು ವರ್ಷದ ಹಿಂದೆ, ಮಾತಾಡುತ್ತಿದ್ದ ಕಾಲದಲ್ಲಿ, ಇದೇ ಹೆಬ್ಬೆರಳು ಎಳೆದುಕೊಟ್ಟ ಗೆರೆ. ಏಳು ವರ್ಷದಲ್ಲಿ ಒಂದು ಹನಿ ಸೋರಿರಲಿಲ್ಲ.

ಕಳ್ಳ ಕೈಗೆ ಸಿಕ್ಕಿದ್ದ.

"ಬಾರಪ್ಪಾ ಇಲ್ಲಿ!" ಮೆಕ್ಯಾನಿಕ್‌ನ ದನಿ ಬೀದಿಗೆ ಕೇಳಿಸಿತು. "ಬಾ, ನಿನ್ನ ಕೈಕೆಲಸ ನೋಡು. ಬಚ್ಚಲುಮನೆ ಅನ್ಕೊಂಡ್ಯಾ ಇದನ್ನ? ಟೈಲ್ಸೂ ಅಂಟಿಸ್ಬಿಡ್ಬೇಕಿತ್ತು!"

ಪ್ಲಂಬರ್ ಬಗ್ಗಿ ನೋಡಿದ. "ಎಣ್ಣೆ ಜಿನುಗ್ತಿತ್ತು. ನಿಲ್ಲಿಸ್ದೆ. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಸಂಬಂಧಾನಾ? ಈ ಮುಚ್ಚಳದ ಕೆಳಗಿನ ಹಬೆಯನ್ನ ಎಂಜಿನ್ನು ಮತ್ತೆ ಒಳಗೆ ಎಳ್ಕೊಂಡು ಸುಡುತ್ತೆ. ಜೊತೆಗೆ ನಿನ್ನ ಅಂಟಿನ ಆವೀನೂ ಸುಡ್ತು. ಈ ಬಿಳಿ ಅದೇ. ಎಷ್ಟು ಸಲ ಬಳಿದೆ?"

ಪ್ಲಂಬರ್‌ನ ಮುಖದ ಬಣ್ಣ ಇಳಿಯಿತು. "ಮೂರು ಸಲ. ಎಣ್ಣೆಗೆ ಬಿಟ್ಕೊಳ್ತಿತ್ತು."

"ಮೂರು ಸಲ! ಒಂದು ಸಲಕ್ಕೇ ಸಾಯೋದನ್ನ ಮೂರು ಸಲ ಕೊಂದಿದೀಯ. ಕೊಂದೋನು ನೀನು, ಹೆಣ ಹೊರೋಕೆ ನಾನು. ಬೀದಿಯೆಲ್ಲ ನನ್ನನ್ನ ಕಳ್ಳ ಅಂತ ಸಾರ್ಕೊಂಡು ಬಂದ್ಯಲ್ಲ, ಈಗ ಹೋಗು, ಹಾಲಿನವನಿಂದ ಶುರುಮಾಡು! ಎಲ್ಲಿ ಆ ದೂರು? ತೆಗಿ, ಜೋರಾಗಿ ಓದು, ಅತ್ತೆನೂ ಕೇಳ್ಲಿ!"

ಹೇಳುತ್ತ ಹೇಳುತ್ತ ಅವನಿಗೆ ಹಿತವಾಗುತ್ತಿತ್ತು. ಒಂದು ತಿಂಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದೆಲ್ಲ ಹೊರಗೆ ಬರುತ್ತಿತ್ತು. ಪ್ಲಂಬರ್ ಹಲ್ಲು ಕಚ್ಚಿ ನಿಂತಿದ್ದ. ಅವನ ಕೈಯಲ್ಲಿ ಬಿಳಿ ಟೇಪಿನ ಸುರುಳಿ ಹಾಗೇ ಇತ್ತು.

"ಅಳಿಯಂದ್ರೇ," ಎಂದರು ಅತ್ತೆ. ಇಬ್ಬರೂ ತಿರುಗಿದರು. ಅವರು ಹಿರಿಯ ಅಳಿಯನನ್ನೇ ನೋಡುತ್ತಿದ್ದರು. "ಅವರು ಅದನ್ನ ಬಳಿದದ್ದು ನನಗೋಸ್ಕರ."

"ನಿಮಗೋಸ್ಕರಾನಾ?"

"ಎಣ್ಣೆ ಬಿಸಿ ಕೊಳವೆ ಮೇಲೆ ತೊಟ್ಟಿಕ್ಕಿ ಸುಟ್ಟ ವಾಸನೆ ಬರ್ತಿತ್ತು. ಹಿಂದಿನ ಸೀಟಲ್ಲಿ ಕೂತ್ರೆ ಹೊಟ್ಟೆ ತೊಳಸೋದು. ಎರಡು ಸಲ ದಾರೀಲಿ ಇಳಿಸಿ, ನನ್ನ ಬೆನ್ನು ನೀವ್ಕೊಂಡು ನಿಂತಿದ್ರು ಪಾಪ. ಆಮೇಲೆ ಅವರೇ ಏನೋ ಮಾಡಿದ್ರು, ವಾಸನೆ ನಿಂತೋಯ್ತು." ಅತ್ತೆ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಮೊದ್ಲು ನಿಮಗೇ ಹೇಳಿದ್ದೆ. ಸೆನ್ಸರ್ ಹಾಕಿದ್ರಲ್ಲ, ಆವತ್ತೇ, ಇದೇ ಕುರ್ಚೀಲಿ ಕೂತು. ನೀವು ನಕ್ಬಿಟ್ಟು, ವಯಸ್ಸಾದ ಗಾಡಿ ಸ್ವಲ್ಪ ಬೆವರುತ್ತೆ ಅತ್ತೆ, ಅಂದ್ರಿ."

ನಲ್ಲಿ ಟಪ್ ಎಂದಿತು.

ಅಂದದ್ದು ನಿಜ. ಮೆಕ್ಯಾನಿಕ್‌ಗೆ ಆ ಮಾತು, ಆ ನಗು, ಎರಡೂ ನೆನಪಿಗೆ ಬಂದವು. ಇನ್ನೂ ಒಂದು ನೆನಪಿಗೆ ಬಂತು, ಅದನ್ನು ಮಾತ್ರ ಅತ್ತೆಗೂ ಹೇಳಿರಲಿಲ್ಲ. ಅವನು ಕಪಾಟಿನ ಕೆಳಗಿನ ಅರೆಯಿಂದ ಒಂದು ಚಪ್ಪಟೆ ಡಬ್ಬಿ ಎಳೆದು ತಂದು ಮೇಜಿನ ಮೇಲಿಟ್ಟ. ಮೇಲ್ಮುಚ್ಚಳದ ಹೊಸ ರಬ್ಬರ್ ಪ್ಯಾಕಿಂಗ್. ಡಬ್ಬಿಯ ಮೇಲೆ ಅವನದೇ ಅಕ್ಷರ: ಬೂದು ಕಾರು, ಅತ್ತೆಗೆ ವಾಸನೆ. ಕೆಳಗೆ ದಿನಾಂಕ.

ಪ್ಲಂಬರ್ ಓದಿದ. ಬೆರಳು ಮಡಿಸಿ ತಿಂಗಳು ಎಣಿಸಿದ.

"ನಾಲ್ಕು ತಿಂಗಳಿಂದ ಇಲ್ಲೇ ಇತ್ತಾ ಇದು?"

"ತರಿಸಿಟ್ಟಿದ್ದೆ. ನೀನು ಬರ್ಲಿಲ್ಲ."

"ನೀವು ಕರೀಲಿಲ್ಲ."

"ಊಟದಿಂದ ಎದ್ದು ಹೋದೋನನ್ನ ನಾನ್ಯಾಕೆ ಕರೀಬೇಕು?"

"ಊಟದಿಂದ ಎಬ್ಬಿಸ್ದೋರ ಹತ್ರ ನಾನ್ಯಾಕೆ ಬರ್ಬೇಕು?"

ಅತ್ತೆ ಗೋಡೆ ಗಡಿಯಾರ ನೋಡಿದರು. "ಎರಡು ಗಂಟೆಯಾಯ್ತು," ಎಂದರು. "ಬೈದಾಡೋಕೆ ಐದಾದ ಮೇಲೂ ಹೊತ್ತಿರುತ್ತೆ."

ಆ ಅಂಟನ್ನೆಲ್ಲ ಕೆರೆದು ತೆಗೆದು ಹೊಸ ಪ್ಯಾಕಿಂಗ್ ಹಾಕದೆ ಹೊಸ ಸೆನ್ಸರ್ ಕೂರಿಸಿದರೆ ಅದೂ ಸಾಯುತ್ತಿತ್ತು. ಮೆಕ್ಯಾನಿಕ್ ಮುಚ್ಚಳ ಬಿಚ್ಚಿದ. ಪ್ಲಂಬರ್ ಕಾರಿನ ಡಿಕ್ಕಿಯಿಂದ ತನ್ನ ಕೆರೆಯುವ ಚಪ್ಪಟೆ ಉಳಿ ತಂದು, ಯಾರೂ ಕೇಳದೆಯೇ ಅಂಚಿಗೆ ಕೂತ.

"ಒಂದು ಚೂರೂ ಒಳಗೆ ಬೀಳ್ಬಾರ್ದು," ಎಂದ ಮೆಕ್ಯಾನಿಕ್.

"ನಿಮ್ಮ ಬಾಯಿಂದ ಬೀಳೋದಕ್ಕಿಂತ ಕಮ್ಮಿನೇ ಬೀಳುತ್ತೆ."

"ಲೋಹಕ್ಕೆ ಗೀರು ಬಿದ್ರೆ ಮತ್ತೆ ಸೋರುತ್ತೆ."

"ಸೋರೋದರ ಬಗ್ಗೆ ನನಗೆ ಪಾಠ. ನಡೀಲಿ."

ಒಂದು ಗಂಟೆ ಹೀಗೇ ನಡೆಯಿತು. ಆದರೆ ಕೆರೆದ ಕೆಲಸ ಬೆಣ್ಣೆಯಿಂದ ಕೂದಲು ತೆಗೆದ ಹಾಗಿತ್ತು. ಮೆಕ್ಯಾನಿಕ್ ಬಟ್ಟೆಯಿಂದ ಒರೆಸಿದಾಗ ಅಂಚು ಕನ್ನಡಿಯಂತೆ ಹೊಳೆಯಿತು. ಪ್ಯಾಕಿಂಗ್ ಕೂರಿಸಿದ, ಮುಚ್ಚಳದ ಬೋಲ್ಟುಗಳನ್ನು ಮಧ್ಯದಿಂದ ಅಂಚಿಗೆ ಒಂದೊಂದಾಗಿ ಬಿಗಿದ. ಹೊಸ ಸೆನ್ಸರಿನ ತಿರುಪಿಗೆ ಬೂದು ಪೇಸ್ಟನ್ನು ತುದಿಗೆ ತಾಗದ ಹಾಗೆ ತೆಳುವಾಗಿ ಸವರಿ, ಮೊದಲು ಕೈಯಲ್ಲೇ ತಿರುಗಿಸಿ, ಆಮೇಲೆ ಪಾನಾ ಹಾಕಿದ. ತಂತಿಯನ್ನು ಬಿಸಿ ಕೊಳವೆಯಿಂದ ದೂರ ಕಟ್ಟಿದ. ಎಂಜಿನ್ನು ಎಬ್ಬಿಸಿದಾಗ ಪರದೆಯ ಗೆರೆ ಒಂದು ನಿಮಿಷ ಮಲಗಿದ್ದು, ಬಿಸಿಯೇರಿದ ಮೇಲೆ ಎದ್ದು ಕುಣಿಯತೊಡಗಿತು. ಮೇಲೆ, ಕೆಳಗೆ, ಮೇಲೆ, ಕೆಳಗೆ.

"ಮೂಗು ಬಿಟ್ಟಿತು," ಎಂದರು ಅತ್ತೆ.

"ಇನ್ನು ಅರ್ಧ ಗಂಟೆ ಓಡಿಸ್ಬೇಕು. ಎಂಜಿನ್ನಿಗೆ ಹೊಸ ಸೆನ್ಸರಿನ ಮಾತು ರೂಢಿಯಾಗ್ಬೇಕು," ಎಂದು ಮೆಕ್ಯಾನಿಕ್ ಸೀಟಿಗೆ ಕೂತ.

"ನನ್ನ ಗಾಡಿ ತಗೊಂಡು ಎಲ್ಲಿಗೆ?"

"ಹೆದರ್ಬೇಡ. ಅತ್ತೆ ಇಲ್ಲೇ ಇರ್ತಾರಲ್ಲ, ಒತ್ತೆ."

ಅವನು ಒಬ್ಬನೇ ದೊಡ್ಡ ರಸ್ತೆಯಲ್ಲಿ ಹೋಗಿ ಬಂದ. ಕನ್ನಡಿಯಲ್ಲಿ ಹಿಂದೆ ನೋಡಿದ, ಕಪ್ಪು ಹೊಗೆಯಿರಲಿಲ್ಲ. ಹಿಂದಿನ ಸೀಟಿನ ಮೇಲೆ ಒಂದು ಸಣ್ಣ ದಿಂಬು, ಒಂದು ನೀರಿನ ಬಾಟಲಿ, ಮಡಿಸಿಟ್ಟ ಪ್ಲಾಸ್ಟಿಕ್ ಚೀಲಗಳು. ಅತ್ತೆಗೆ ವಾಂತಿ ಬಂದರೆ ಇರಲಿ ಎಂದು ಯಾರೋ ಇಟ್ಟದ್ದು. ಯಾರೋ ಏನು, ಷಡ್ಡಕನೇ. ಮೆಕ್ಯಾನಿಕ್‌ಗೆ ಇದು ಹಿಡಿಸಲಿಲ್ಲ. ದ್ವೇಷಿಸಬೇಕಾದ ಮನುಷ್ಯ ಹೀಗೆಲ್ಲ ಚೀಲ ಮಡಿಸಿಡಬಾರದು.

ಅವನು ತಿರುಗಿ ಬಂದಾಗ ಪ್ಲಂಬರ್ ಬಾಗಿಲಲ್ಲಿ ಗಡಿಯಾರ ನೋಡುತ್ತ ನಿಂತಿದ್ದ. ಅಂಗಿಯ ತೋಳು ಒದ್ದೆಯಾಗಿತ್ತು. ಅತ್ತೆ ತಲೆ ತಗ್ಗಿಸಿ ಹೊಲಿಯುತ್ತಿದ್ದರು, ತುಟಿಯ ಮೂಲೆಯಲ್ಲಿ ಏನನ್ನೋ ಬಚ್ಚಿಟ್ಟುಕೊಂಡವರ ಹಾಗೆ. ಕೇಳಲು ಹೊತ್ತಿರಲಿಲ್ಲ. ನಾಲ್ಕೂ ಹತ್ತು.

ತಪಾಸಣೆ ಕೇಂದ್ರ ಬೀದಿಯ ಕೊನೆಯಲ್ಲೇ ಇತ್ತು. ನೀಲಿ ಕೋಟಿನ ಹುಡುಗಿ ಹೊಗೆಕೊಳವೆಯ ಬಾಯಿಗೆ ಸಲಾಕೆ ತುರುಕಿ, ಎಂಜಿನ್ನಿನ ವೇಗ ಏರಿಸಿ ಇಳಿಸಿ, ಯಂತ್ರದ ಮುಂದೆ ಕೂತಳು. ಯಂತ್ರ ಕಾಗದ ಉಗುಳಿತು.

"ಪಾಸ್," ಎಂದಳು ಹುಡುಗಿ. "ಹಳೇ ಗಾಡಿಗೆ ತುಂಬ ಒಳ್ಳೇ ಅಂಕ. ಯಾರು ಮಾಡಿದ್ದು?"

"ಇಬ್ಬರೂ," ಎಂದರು ಅತ್ತೆ ಕಾರಿನೊಳಗಿಂದ.

ಮೆಕ್ಯಾನಿಕ್ ಜಾಬ್ ಕಾರ್ಡನ್ನು ಬಾನೆಟ್ಟಿನ ಮೇಲಿಟ್ಟು ತುಂಬತೊಡಗಿದ. ಸಂಘಕ್ಕೆ ಇದೇ ದಾಖಲೆ. ಮಾಡಿದ ಕೆಲಸ ಬರೆದ. 'ಕಾರಣ' ಎಂಬ ಖಾನೆಗೆ ಬಂದಾಗ ಪೆನ್ನು ನಿಂತಿತು. ಒಂದೇ ಸಾಲು ಬರೆದರೆ ಸಾಕು: ಮಾಲೀಕನು ಬಚ್ಚಲಿನ ಅಂಟು ಬಳಿದದ್ದು. ಅಲ್ಲಿಗೆ ನೀಲಿ ಫಲಕ ಭದ್ರ, ಪ್ಲಂಬರ್ ಬೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ. ಆ ಸಾಲನ್ನು ಬರೆದ. ಅದು ನಿಜವೇ ಆಗಿತ್ತು. ಗ್ಯಾರೇಜು ತೆರೆದ ದಿನದಿಂದ ಆ ಖಾನೆಯಲ್ಲಿ ಅವನು ಸುಳ್ಳು ಬರೆದಿರಲಿಲ್ಲ. ಅರ್ಧ ನಿಜವನ್ನೂ ಬರೆದಿರಲಿಲ್ಲ. ಕೆನ್ನೆ ಕೆರೆದುಕೊಂಡು, ಕೆಳಗೆ ಇನ್ನೊಂದು ಸಾಲು ಸೇರಿಸಿದ: ಎಣ್ಣೆ ಸೋರಿಕೆ ತಿಳಿಸಿದರೂ ಗ್ಯಾರೇಜಿನವರು ಸರಿಪಡಿಸದೆ ನಕ್ಕದ್ದು.

ಪ್ರತಿಯನ್ನು ಹರಿದು ಪ್ಲಂಬರ್‌ನ ಮುಂದೆ ಹಿಡಿದ. "ತಗೋ. ದೂರಿಗೆ ಲಗತ್ತಿಸು."

ಪ್ಲಂಬರ್ ಎರಡು ಸಲ ಓದಿದ. ಮೂರನೇ ಸಲ ಎರಡನೇ ಸಾಲನ್ನಷ್ಟೇ ಓದಿದ.

"ಎರಡನೇದನ್ನ ಮೊದಲು ಬರೀಬೇಕಿತ್ತು," ಎಂದ.

"ಬರೆದದ್ದೇ ಹೆಚ್ಚು."

ಪ್ಲಂಬರ್ ಕೈ ಚಾಚಿ ಪೆನ್ನು ಕೇಳಿದ. ಜೇಬಿನಿಂದ ಎರಡು ಹಾಳೆ ತೆಗೆದು ಬಿಡಿಸಿ, ಬಾನೆಟ್ಟಿನ ಮೇಲೆ ಹರಡಿ, ಹಳೇ ಭಾಗ ಹಾಕಿದ್ದಾರೆ ಎಂದಿದ್ದ ಕಡೆಯಲ್ಲೆಲ್ಲ ಅಡ್ಡಗೆರೆ ಎಳೆದ. ಮೊದಲ ಹಾಳೆ ಪೂರ್ತಿ ಹೋಯಿತು. ಎರಡನೆಯದರಲ್ಲಿ ನಾಲ್ಕು ಸಾಲು ಉಳಿದವು. ಅದನ್ನು 'ಸಂಘಕ್ಕೆ' ಎಂದು ಬರೆದ ಲಕೋಟೆಗೆ ಹಾಕಿದ.

"ಇನ್ನೇನು ಉಳಿದಿದೆ ಅದರಲ್ಲಿ?" ಎಂದ ಮೆಕ್ಯಾನಿಕ್.

"ಮಾತಿನ ದುರಹಂಕಾರ."

"ಅದಕ್ಕೆ ಸಂಘ ಫಲಕ ಕಿತ್ಕೊಳ್ಳಲ್ಲ."

"ಗೊತ್ತು. ಆದ್ರೂ ದಾಖಲೆಯಲ್ಲಿರ್ಲಿ."

ಪ್ಲಂಬರ್ ಕಾರಿಗೆ ಹತ್ತಿದ. ಮೆಕ್ಯಾನಿಕ್ ಎರಡು ಚೀಲಗಳನ್ನು, ಕಪ್ಪು ಸೆನ್ಸರಿನದೊಂದು, ಬಿಳಿಯದೊಂದು, ಕಿಟಕಿಯಲ್ಲಿ ಚಾಚಿದ. ಪ್ಲಂಬರ್ ಎರಡನ್ನೂ ತೆಗೆದುಕೊಂಡ, ಥ್ಯಾಂಕ್ಸ್ ಎನ್ನಲಿಲ್ಲ. ಅತ್ತೆ ಹಿಂದಿನ ಸೀಟಿನಿಂದ ಗಾಳಿಯನ್ನು ಒಮ್ಮೆ ಮೂಸಿ, ಹಿರಿಯ ಅಳಿಯನಿಗೆ ತಲೆಯಾಡಿಸಿದರು. ಕಾರು ಹೋಯಿತು. ನಿಲ್ಲಿಸುವಾಗ ಹಾಕುವ ಗುಟುರು ಇನ್ನೂ ಇದೆಯೋ ಇಲ್ಲವೋ ಎಂದು ಕೇಳಲು ಅವನಿಗೆ ಅವಕಾಶವಾಗಲಿಲ್ಲ.

ಮೆಕ್ಯಾನಿಕ್ ನಡೆದುಕೊಂಡೇ ಗ್ಯಾರೇಜಿಗೆ ಬಂದ. ಕೈಯೆಲ್ಲ ಎಣ್ಣೆ. ಮೂಲೆಗೆ ಹೋಗಿ ನಲ್ಲಿ ತಿರುಗಿಸಿ, ಸೋಪು ಹಚ್ಚಿ ಉಜ್ಜಿ, ನಿಲ್ಲಿಸಿ, ಟವೆಲಿಗೆ ಕೈ ಚಾಚಿದವನು ಹಾಗೇ ನಿಂತ. ಏನೋ ಕಮ್ಮಿಯಾಗಿತ್ತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಟಪ್ ಎನ್ನುವ ಸದ್ದು ಇರಲಿಲ್ಲ. ಬಕೆಟ್ಟನ್ನು ಯಾರೋ ಬರಿದು ಮಾಡಿ ಗೋಡೆಗೆ ಬೋರಲು ಹಾಕಿದ್ದರು.

ಐದು ತಿಂಗಳು ಸೆನ್ಸರಿನ ಚೀಲ ನೇತಾಡುತ್ತಿದ್ದ ಮೊಳೆಯಲ್ಲಿ ಈಗ ಇನ್ನೊಂದು ಚೀಲವಿತ್ತು. ಹೊಚ್ಚಹೊಸದು, ಅಂಚಿನ ಹೊಲಿಗೆಯ ದಾರವನ್ನೂ ಕತ್ತರಿಸಿರಲಿಲ್ಲ. ಮೆಕ್ಯಾನಿಕ್ ಅದನ್ನು ಬಿಚ್ಚಿ ಅಂಗೈಗೆ ಸುರಿದುಕೊಂಡ. ಸವೆದು ಬಿರುಕುಬಿಟ್ಟ ಒಂದು ರಬ್ಬರ್ ವಾಷರ್. ದಾರಕ್ಕೆ ಪದ್ಧತಿಯಂತೆ ಚೀಟಿ ಕಟ್ಟಿತ್ತು. ದಿನಾಂಕ ಇವತ್ತಿನದು, ಅಕ್ಷರ ಪ್ಲಂಬರ್‌ನದು.

ಕಾರಣ: ಮಾಲೀಕನ ಹಟ.

ಮೆಕ್ಯಾನಿಕ್ ಹಲ್ಲು ಕಡಿದು ಒಂದು ಒಳ್ಳೆಯ ಬೈಗುಳ ಬೈದ. ಆಮೇಲೆ ವಾಷರನ್ನು ಚೀಲಕ್ಕೆ ಹಾಕಿ, ದಾರ ಎಳೆದು, ಅದೇ ಮೊಳೆಗೆ ತೂಗುಹಾಕಿದ.